ವರ್ಧಕದ ಗದ್ದಲ ಮತ್ತು ಅದರ ಒರೆಗಲ್ಲು

ಹಸ್ತಪ್ರತಿಯ ಪಾಠವನ್ನು ನಿರ್ಣಯಿಸುವ ಮುನ್ನ ಲಿಪಿಕಾರನ ಸ್ಖಾಲಿತ್ಯಗಳ ಸ್ವರೂಪವನ್ನು ಅರಿಯಬೇಕೆಂಬುದು ಗ್ರಂಥಸಂಪಾದನೆಯ ಮೂಲತತ್ತ್ವ. ಕ್ಷೀಣ ಸಂಕೇತಗಳನ್ನು ಓದುವ ವಿಜ್ಞಾನಿಯ ಸಮಸ್ಯೆಯೂ ಇದೇ. ಪುಣೆಯ ಉತ್ತರಕ್ಕಿರುವ ಖೋಡದದಲ್ಲಿ, ಗೋವಿಂದ ಸ್ವರೂಪರ ನೇತೃತ್ವದಲ್ಲಿ ನಿರ್ಮಾಣಗೊಂಡ ರೇಡಿಯೋ ದೂರದರ್ಶಕದ 30 ಆಂಟೆನಾಗಳು, ತಲಾ 45 ಮೀಟರ್ ವ್ಯಾಸದವು, ಆಕಾಶದ ಅಲೆಗಳನ್ನು ಗ್ರಹಿಸುತ್ತವೆ. ಅವುಗಳನ್ನು ಹಿಗ್ಗಿಸುವ ವರ್ಧಕವು ತನ್ನ ಗದ್ದಲವನ್ನೂ ಬೆರೆಸುತ್ತದೆ. ಆದ್ದರಿಂದ ಪ್ರಮಾಣ ತಿಳಿದಿರುವ ಗದ್ದಲವನ್ನು ಒಳಗೆ ಹಾಯಿಸಿ ಗ್ರಾಹಕವನ್ನು ಒರೆಗೆ ಹಚ್ಚಲಾಗುತ್ತದೆ.

ಕೆಲವೇ ಫೋಟಾನುಗಳಷ್ಟು ಸಂಕೇತ ನೀಡುವ ಕ್ವಾಂಟಂ ಸಾಧನಗಳಿಗೆ ಇನ್ನೂ ಸೂಕ್ಷ್ಮವಾದ ಒರೆಗಲ್ಲು ಬೇಕು. ಅತಿವಾಹಕ ಸುರಂಗ ಸಂಧಿ ಅಂಥದು. ಎರಡು ಅತಿವಾಹಕ ಲೋಹಗಳ ನಡುವೆ ಒಂದೆರಡು ನ್ಯಾನೊಮೀಟರ್ ದಪ್ಪದ ನಿರೋಧಕ ಪದರವಿರುತ್ತದೆ. ಸಾಕಷ್ಟು ವಿದ್ಯುತ್ ಒತ್ತಡವನ್ನು ಒಡ್ಡಿದಾಗ ಎಲೆಕ್ಟ್ರಾನುಗಳು ಹಂಚಿನ ಮೇಲಣ ಮಳೆಹನಿಗಳಂತೆ ಬಿಡಿಬಿಡಿಯಾಗಿ ದಾಟುತ್ತವೆ. ಇಂಥ ಗದ್ದಲವನ್ನು ಪ್ರವಾಹ ಹಾಗೂ ಎಲೆಕ್ಟ್ರಾನಿನ ಆವೇಶ ಇವೆರಡರಿಂದಲೇ ಲೆಕ್ಕಹಾಕಬಹುದೆಂದು 1918ರಲ್ಲಿ ವಾಲ್ಟರ್ ಶಾಟ್ಕಿ ತೋರಿಸಿದನು. ಪ್ರವಾಹವನ್ನು ಏರಿಸುತ್ತ ವರ್ಧಕದ ಹೊರಬರುವ ಗದ್ದಲವನ್ನು ಗುರುತಿಸಿದರೆ ನೇರ ರೇಖೆಯೊಂದು ದೊರೆಯುತ್ತದೆ. ಅದರ ಇಳಿಜಾರು ವರ್ಧನೆಯನ್ನೂ, ಶೂನ್ಯ ಪ್ರವಾಹಕ್ಕೆ ಚಾಚಿದಾಗ ಉಳಿಯುವ ಮೊತ್ತವು ವರ್ಧಕದ ಸ್ವಂತ ಗದ್ದಲವನ್ನೂ ತಿಳಿಸುತ್ತವೆ.

ಸಂಕೇತವನ್ನು ಎಲ್ಲ ಬಗೆಯಲ್ಲೂ ಸಮನಾಗಿ ಹಿಗ್ಗಿಸುವ ಪ್ರಬಲ ವರ್ಧಕಕ್ಕೆ ಅರ್ಧ ಫೋಟಾನಿನಷ್ಟು ಗದ್ದಲ ತಪ್ಪದು. ಇದು ನಿಸರ್ಗದ ನಿಯಮ. ದೋಷವಿಲ್ಲದ ಪ್ರತಿ ದೊರೆಯದು. ದೋಷದ ಅಳತೆ ದೊರೆತರೆ ಮೂಲಪಾಠವನ್ನು ನಂಬಬಹುದು.