ಹಬ್ಬದ ಸಿಹಿ ಭಕ್ಷ್ಯಗಳಲ್ಲಿ ಸಿರಿಧಾನ್ಯಗಳ ಬಳಕೆ

ಪೀಠಿಕೆ

ಬೆಳೆಗೂ ಹಬ್ಬಕ್ಕೂ ಇರುವ ಸಂಬಂಧವು ಒಕ್ಕಲುಮಕ್ಕಳಿಗೆ ಹೊಸದಾಗಿ ಹೇಳತಕ್ಕ ವಿಷಯವಲ್ಲ. ಕಣದ ಕೆಲಸ ಮುಗಿಯುವ ಹೊತ್ತಿಗೆ ಸಂಕ್ರಾಂತಿ, ವರ್ಷಾರಂಭಕ್ಕೆ ಯುಗಾದಿ, ಮುಂಗಾರಿನ ಪೈರು ಹಸುರಾಗುವ ಕಾಲಕ್ಕೆ ನಾಗರಪಂಚಮಿ, ಹೊಸ ಕಾಳು ಮನೆಗೆ ಬರುವ ಹೊತ್ತಿಗೆ ದೀಪಾವಳಿ, ಹೀಗೆ ಹೊಲದ ಪಂಚಾಂಗವೇ ಅಡಿಗೆಯ ಮನೆಯ ಪಂಚಾಂಗವೂ ಆಗಿರುವುದು. ಯಾವ ಧಾನ್ಯವು ಹಬ್ಬದ ಎಡೆಗೆ ಬರುವುದೋ ಅದಕ್ಕೆ ಮನೆಯಲ್ಲಿ ಮರ್ಯಾದೆಯುಂಟು. ಮನೆಯಲ್ಲಿ ಮರ್ಯಾದೆಯುಳ್ಳ ಧಾನ್ಯಕ್ಕೆ ಹೊಲದಲ್ಲಿಯೂ ಸ್ಥಳವುಂಟು. ಎಡೆಯಿಂದ ಜಾರಿದ ಧಾನ್ಯವು ಕೆಲವು ಕಾಲದ ಮೇಲೆ ಹೊಲದಿಂದಲೂ ಜಾರಿಹೋಗುವುದು.

ನವಣೆ, ಸಾಮೆ, ಹಾರಕ, ಬರಗು, ಊದಲು, ಕೊರಲೆ ಎಂಬ ಕಿರುಧಾನ್ಯಗಳ ವಿಷಯದಲ್ಲಿ ನಡೆದುದು ಇದೇ. ಮೈಸೂರು ಸೀಮೆಯ ಬಹುಭಾಗದಲ್ಲಿ ದಿನದ ಊಟಕ್ಕೆ ರಾಗಿ, ಹಬ್ಬದ ಊಟಕ್ಕೆ ಅಕ್ಕಿ ಎಂಬ ಪದ್ಧತಿಯಿದ್ದಿತು. ಅಕ್ಕಿಯು ಸುಲಭವಾಗಿ ದೊರೆಯತೊಡಗಿದ ಮೇಲೆ ಹಬ್ಬದ ಧಾನ್ಯವು ದಿನದ ಧಾನ್ಯವಾಯಿತು. ದಿನದ ಧಾನ್ಯವು ಬಡವರ ಧಾನ್ಯವೆಂದು ಹೆಸರು ಪಡೆಯಿತು. ಕಿರುಧಾನ್ಯಗಳನ್ನು ಒರಳಿನಲ್ಲಿ ಕುಟ್ಟಿ ಹೊಟ್ಟು ತೆಗೆಯುವ ಶ್ರಮವು ಹೆಂಗಸರ ಮೇಲೆಯೇ ಬೀಳುತ್ತಿದ್ದುದೂ ಇವು ಹಿಂದೆ ಸರಿಯಲು ಒಂದು ಮುಖ್ಯ ಕಾರಣ. ಈ ದಿನ ಅನೇಕ ಗ್ರಾಮಗಳಲ್ಲಿ ಹಾರಕದ ಬೀಜವಾಗಲಿ ಕೊರಲೆಯ ಬೀಜವಾಗಲಿ ಬೇಕೆಂದರೆ ಒಂದು ಸೇರೂ ದೊರೆಯದ ಸ್ಥಿತಿಯುಂಟಾಗಿದೆ.

ಭಾರತ ಸರ್ಕಾರವು 2018ನೆಯ ಇಸವಿಯನ್ನು ರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಭಾರತದ ಸೂಚನೆಯ ಮೇರೆಗೆ ವಿಶ್ವಸಂಸ್ಥೆಯು 2023ನೆಯ ಇಸವಿಯನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿತು. ಇವುಗಳಿಂದ ಪೇಟೆಯ ಜನರ ಲಕ್ಷ್ಯವು ಈ ಧಾನ್ಯಗಳ ಕಡೆ ತಿರುಗಿತೆಂಬುದು ನಿಜ. ಆದರೆ ಘೋಷಣೆಯ ವರ್ಷವು ವರ್ಷಕ್ಕೆ ಮುಗಿಯುವುದು. ಒಲೆಯ ಮುಂದಿನ ಅಭ್ಯಾಸವಾದರೋ ತಲೆಮಾರುಗಳವರೆಗೆ ನಿಲ್ಲುವುದು. ಆದಕಾರಣ ಪರಿಚಿತವಾದ ಹಬ್ಬದ ಸಿಹಿಗಳಲ್ಲಿಯೇ ಈ ಧಾನ್ಯಗಳನ್ನು ಹೇಗೆ ಸೇರಿಸಬಹುದೆಂಬುದನ್ನು ಇಲ್ಲಿ ವಿವರಿಸಿದೆ.

ಇದು ಪೂರ್ತಿಯಾಗಿ ಹೊಸ ಪದ್ಧತಿಯಲ್ಲ

ಹಬ್ಬದ ಅಡಿಗೆಯನ್ನು ಬದಲಿಸುವುದು ಸಂಪ್ರದಾಯಕ್ಕೆ ವಿರುದ್ಧವೆಂದು ಹಿರಿಯರು ಶಂಕಿಸಬಹುದು. ಈ ಶಂಕೆಗೆ ಆಧಾರವಿಲ್ಲ. ಉತ್ತರ ಕರ್ಣಾಟಕದಲ್ಲಿ ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಚರಗ ಚೆಲ್ಲಲು ಹೋಗುವವರ ಬುತ್ತಿಯಲ್ಲಿ ಸಜ್ಜೆಯ ರೊಟ್ಟಿ, ಸಜ್ಜೆಯ ಕಡುಬುಗಳು ಇರುವುದುಂಟು. ನವಣೆಯ ಹುಗ್ಗಿಯೂ ತಂಬಿಟ್ಟೂ ಹಿಂದಿನವರು ಬಲ್ಲ ಭಕ್ಷ್ಯಗಳೇ. ರಾಗಿಯ ಹಾಲುಬಾಯಿಯನ್ನು ಈಗಲೂ ಅನೇಕರು ಮಾಡುವರು. ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ರಾಗಿಗೂ ಭತ್ತಕ್ಕೂ ಹಿರಿಮೆಯ ವಾದ ಹುಟ್ಟಲು, ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸಿ, ಕೆಡದೆ ಉಳಿದ ರಾಗಿಯನ್ನೇ ಮನ್ನಿಸಿದನೆಂದು ಕಥೆಯುಂಟು. ಕಥೆಯ ಒಳಗಿನ ಅನುಭವವು ರೈತನದು: ಒಣ ಕಾಳನ್ನು ಚೆನ್ನಾಗಿ ಕಾಪಾಡಿದರೆ ರಾಗಿಯು ವರ್ಷಗಟ್ಟಲೆ ಉಳಿಯುವುದು.

ಆದುದರಿಂದ ಇಲ್ಲಿ ಹೇಳುವ ಬದಲಾವಣೆಯು, ಒಂದರ್ಥದಲ್ಲಿ, ಮರೆತುದನ್ನು ಮರಳಿ ಎಡೆಗೆ ತರುವುದೇ ಆಗಿದೆ.

ಧಾನ್ಯದ ಗುಣವನ್ನು ಅರಿಯಬೇಕಾದ ಕಾರಣ

ಗೋದಿಯ ಹಿಟ್ಟಿಗೆ ಬದಲು ನವಣೆಯ ಹಿಟ್ಟನ್ನು ಅಷ್ಟೇ ಅಳೆದು ಹಾಕಿ, ಹೋಳಿಗೆ ಹರಿದುಹೋಯಿತೆಂದು ಬೇಸರಪಟ್ಟು ಬಿಟ್ಟವರು ಹಲವರು. ದೋಷವು ಧಾನ್ಯದ್ದಲ್ಲ, ಕ್ರಮದ್ದು. ಗೋದಿಯಲ್ಲಿ ಅಂಟು ಎಂಬ ಸಸಾರಜನಕ ಪದಾರ್ಥವಿದೆ. ನೀರು ಸೇರಿಸಿ ನಾದಿದಾಗ ಅದು ಎಳೆಯೆಳೆಯಾಗಿ ಹಿಗ್ಗಿ, ಕಣಕವನ್ನು ತೆಳ್ಳಗೆ ಎಳೆಯಲು ಬರುವಂತೆ ಮಾಡುವುದು. ರಾಗಿ, ನವಣೆ, ಸಾಮೆಗಳಲ್ಲಿ ಈ ಅಂಟಿಲ್ಲ. ಆದುದರಿಂದ ಇವುಗಳ ಹಿಟ್ಟನ್ನು ಎರಡು ವಿಧದಿಂದ ಹಿಡಿತಕ್ಕೆ ತರಬೇಕು: ಒಂದು, ಗೋದಿಹಿಟ್ಟಿನೊಡನೆ ಬೆರೆಸುವುದು, ಎರಡು, ಕುದಿಯುವ ನೀರಿನಲ್ಲಿ ಹಿಟ್ಟನ್ನು ಉಕ್ಕರಿಸಿ, ಅದರ ಪಿಷ್ಟವೇ ಅಂಟಾಗುವಂತೆ ಮಾಡುವುದು. ಮುದ್ದೆ ಮಾಡಬಲ್ಲ ಮನೆಯವರಿಗೆ ಎರಡನೆಯ ಕ್ರಮವು ಕೈಯಲ್ಲಿಯೇ ಇರುವ ವಿದ್ಯೆ.

ಪುಷ್ಟಿಯ ವಿಷಯದಲ್ಲಿ ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದ್ದರೆ, ಅಷ್ಟೇ ತೂಕದ ಬಿಳಿಯ ಅಕ್ಕಿಯಲ್ಲಿ ಇರುವುದು ಸುಮಾರು 10 ಮಿಲಿಗ್ರಾಂ ಮಾತ್ರ. ನವಣೆಯಲ್ಲಿ ಸಸಾರಜನಕವು ಅಕ್ಕಿಯಲ್ಲಿರುವುದಕ್ಕಿಂತ ಹೆಚ್ಚು. ಬೆಳೆಯುವ ಮಕ್ಕಳಿಗೂ ಬಾಣಂತಿಯರಿಗೂ ಇದರ ಪ್ರಯೋಜನವನ್ನು ವಿವರಿಸಿ ಹೇಳಬೇಕಾದುದಿಲ್ಲ.

ಮೂರು ಭಕ್ಷ್ಯಗಳನ್ನು ಮಾಡುವ ಕ್ರಮ

1. ನವಣೆಯ ತಂಬಿಟ್ಟು. ಇದು ನಾಗರಪಂಚಮಿ, ಶಿವರಾತ್ರಿಗಳಿಗೆ ತಕ್ಕುದು. ಹೊಟ್ಟು ತೆಗೆದ ನವಣೆಯಕ್ಕಿಯನ್ನು ತೊಳೆದು, ನೆರಳಿನಲ್ಲಿ ಒಣಗಿಸಿ, ಸಣ್ಣ ಉರಿಯಲ್ಲಿ ಪರಿಮಳ ಬರುವವರೆಗೆ ಹುರಿದು, ನುಣ್ಣಗೆ ಬೀಸಿಸಬೇಕು. ಹುರಿಯುವುದರಿಂದ ತೇವವು ಹೋಗಿ ಹಸಿ ವಾಸನೆಯು ನಿಲ್ಲುವುದು. ತಂಬಿಟ್ಟು ಕೆಲವು ದಿನ ಕೆಡದೆ ಉಳಿಯುವುದು. ಈ ಹಿಟ್ಟು 500 ಗ್ರಾಂ, ಹುರಿಗಡಲೆಯ ಹಿಟ್ಟು 100 ಗ್ರಾಂ, ಬೆಲ್ಲ 350 ಗ್ರಾಂ, ಹುರಿದ ಎಳ್ಳು, ಕಡಲೆಕಾಯಿ ಬೀಜ, ತುರಿದ ಕೊಬ್ಬರಿ ತಲಾ 50 ಗ್ರಾಂ, ಸ್ವಲ್ಪ ಏಲಕ್ಕಿ ಮತ್ತು ತುಪ್ಪ ಸಾಕು. ಬೆಲ್ಲವನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ, ಶೋಧಿಸಿ, ಬೆರಳಿಗೆ ಅಂಟುವಷ್ಟು ಕುದಿಸಿ ಇಳಿಸಬೇಕು. ಹಿಟ್ಟನ್ನು ಒಂದೇ ಸಲ ಸುರಿಯಕೂಡದು. ಹಿಡಿಹಿಡಿಯಾಗಿ ಬೆರೆಸುತ್ತ, ಮುದ್ದೆ ಕೈಗೆ ಕೂಡಿಬಂದೊಡನೆ ನಿಲ್ಲಿಸಿ, ಬೆಚ್ಚಗಿರುವಾಗಲೇ ಉಂಡೆ ಕಟ್ಟತಕ್ಕುದು.

2. ರಾಗಿಯ ಕಡುಬು. ಗೌರಿ ಗಣೇಶ ಹಬ್ಬಕ್ಕೆ ಅಕ್ಕಿಯ ಕಡುಬಿನ ಜತೆಗೆ ಇದನ್ನೂ ಇಡಬಹುದು. ರಾಗಿಯ ಹಿಟ್ಟನ್ನು ತೆಳ್ಳನೆಯ ಬಟ್ಟೆಯಲ್ಲಿ ಜರಡಿ ಹಿಡಿಯಬೇಕು. ಒಂದು ಅಳತೆ ನೀರಿಗೆ ಚಿಟಿಕೆ ಉಪ್ಪನ್ನೂ ಒಂದು ಚಮಚ ತುಪ್ಪವನ್ನೂ ಹಾಕಿ ಕುದಿಸಿ, ಒಂದು ಅಳತೆ ಹಿಟ್ಟನ್ನು ಸೇರಿಸಿ ಗಂಟಿಲ್ಲದಂತೆ ತಿರುವಿ, ಮುಚ್ಚಿ ಇಳಿಸಬೇಕು. ಕೈ ತಾಳುವಷ್ಟು ಆರಿದ ಮೇಲೆ ಚೆನ್ನಾಗಿ ನಾದಿ, ಕೈಗೆ ತುಪ್ಪ ಸವರಿ ತೆಳ್ಳಗೆ ತಟ್ಟಿ, ತೆಂಗಿನ ತುರಿ, ಬೆಲ್ಲ, ಎಳ್ಳಿನ ಹೂರಣವನ್ನು ತುಂಬಿ, ಅಂಚನ್ನು ಒತ್ತಿ, ಹಬೆಯಲ್ಲಿ ಹತ್ತು ಹನ್ನೆರಡು ನಿಮಿಷ ಬೇಯಿಸಬೇಕು. ಹಿಟ್ಟು ಆರಿ ಒಣಗಿದರೆ ಅಂಚು ಬಿರಿಯುವುದು. ಒದ್ದೆ ಬಟ್ಟೆಯನ್ನು ಮುಚ್ಚಿಡುವುದು ಉತ್ತಮ.

3. ಸಿರಿಧಾನ್ಯದ ಹೋಳಿಗೆ. ಯುಗಾದಿಯ ಹೋಳಿಗೆಯಲ್ಲಿ ಹೂರಣವನ್ನು ಬದಲಿಸುವ ಅವಶ್ಯವಿಲ್ಲ. ತೊಗರಿಯೂ ಕಡಲೆಯೂ ಮಳೆಯಾಶ್ರಯದ ಬೆಳೆಗಳೇ ಆಗಿವೆ. ಬದಲಿಸಬೇಕಾದುದು ಕಣಕವನ್ನು. ಮೊದಲ ವರ್ಷ ಮೂರು ಪಾಲು ಗೋದಿಹಿಟ್ಟಿಗೆ ಒಂದು ಪಾಲು ನವಣೆಯ ಅಥವಾ ರಾಗಿಯ ನುಣುಪಾದ ಹಿಟ್ಟನ್ನು ಬೆರೆಸಿ ನೋಡತಕ್ಕುದು. ಕೈ ಪಳಗಿದ ಮೇಲೆ ಪಾಲನ್ನು ಸಮಕ್ಕೆ ತರಬಹುದು. ಕಣಕವನ್ನು ಸಾಮಾನ್ಯಕ್ಕಿಂತ ಮೆತುವಾಗಿ ಕಲಸಿ, ಎಣ್ಣೆ ಹಾಕಿ ನಾದಿ, ಎರಡು ಗಂಟೆಯಾದರೂ ನೆನೆಯಬಿಡಬೇಕು. ಕಿರುಧಾನ್ಯದ ಹಿಟ್ಟು ನೀರನ್ನು ನಿಧಾನವಾಗಿ ಹೀರುವುದರಿಂದ ಅವಸರಪಟ್ಟರೆ ಹೋಳಿಗೆಯು ಹರಿಯುವುದು. ಬಾಳೆಯ ಎಲೆಯ ಮೇಲೆ ತಟ್ಟಿ, ಎಲೆಯೊಡನೆಯೇ ಕಾವಲಿಗೆ ಮಗುಚಿದರೆ ಎತ್ತುವ ಕಷ್ಟವಿಲ್ಲ.

ಸಂಕ್ರಾಂತಿಯ ಸಿಹಿ ಹುಗ್ಗಿಗೆ ಅಕ್ಕಿಯ ಬದಲು ಸಾಮೆಯನ್ನು ಅಥವಾ ಕೊರಲೆಯನ್ನು ಹೆಸರುಬೇಳೆಯೊಡನೆ ಬೇಯಿಸುವುದು ಎಲ್ಲಕ್ಕಿಂತಲೂ ಸುಲಭ. ಇವು ಆರಿದಂತೆ ಗಟ್ಟಿಯಾಗುವ ಸ್ವಭಾವದವಾದುದರಿಂದ ನೀರನ್ನು ಸ್ವಲ್ಪ ಧಾರಾಳವಾಗಿ ಹಾಕತಕ್ಕುದು. ಹಾಲು ಸೇರಿಸುವುದಾದರೆ ಕುದಿಯುತ್ತಿರುವ ಹಾಲಿಗೆ ಬೆಲ್ಲವನ್ನು ಹಾಕಕೂಡದು. ಬೆಲ್ಲದ ಹುಳಿಯಿಂದಲೂ ಲವಣಗಳಿಂದಲೂ ಹಾಲು ಒಡೆಯುವುದು. ಬೆಲ್ಲವನ್ನು ಬೇರೆಯಾಗಿ ಕರಗಿಸಿ ಶೋಧಿಸಿ, ಹುಗ್ಗಿಯು ಸ್ವಲ್ಪ ಆರಿದ ಬಳಿಕ ಬೆರೆಸಬೇಕು.

ಎಚ್ಚರಿಕೆಗಳು

ಮೊದಲನೆಯದು, ಬೆಲ್ಲದ ವಿಷಯ. ನೋಡಲು ಹೊಂಬಣ್ಣವಾಗಿರುವ ಬೆಲ್ಲವೇ ಶ್ರೇಷ್ಠವೆಂಬುದು ತಪ್ಪು ಅಭಿಪ್ರಾಯ. ಆ ಬಣ್ಣವು ಅನೇಕ ವೇಳೆ ಗಂಧಕದ ಲವಣಗಳನ್ನು ಬೆರೆಸಿದುದರಿಂದ ಬರುವುದು. ಆಲೆಮನೆಯನ್ನುಳ್ಳ ಜಮೀನುದಾರರು ಬೆಂಡೆಯ ಗಿಡದ ಲೋಳೆಯಿಂದ ಮಡ್ಡಿಯನ್ನು ತೆಗೆಯುವ ಹಳೆಯ ಕ್ರಮವನ್ನೇ ಅನುಸರಿಸಿ, ಮನೆಯ ಹಬ್ಬಕ್ಕೂ ಮಾರಾಟಕ್ಕೂ ಕಂದು ಬಣ್ಣದ ಬೆಲ್ಲವನ್ನು ತಯಾರಿಸುವುದು ಲೇಸು.

ಎರಡನೆಯದು, ದಾಸ್ತಾನಿನ ವಿಷಯ. ಹೊಟ್ಟಿರುವ ಕಾಳು ಒಣಗಿದ್ದರೆ ದೀರ್ಘಕಾಲ ಉಳಿಯುವುದು. ಹೊಟ್ಟು ತೆಗೆದ ಅಕ್ಕಿಯೂ ಹಿಟ್ಟೂ ತಮ್ಮಲ್ಲಿರುವ ಎಣ್ಣೆಯ ಅಂಶದಿಂದ ಬೇಗ ಕನರುವುವು. ಸಜ್ಜೆಯ ಹಿಟ್ಟಿನಲ್ಲಿ ಇದು ಬಹು ಬೇಗ ಕಾಣುವುದು. ಆದಕಾರಣ ಹಬ್ಬಕ್ಕೆ ಬೇಕಾದಷ್ಟನ್ನು ಮಾತ್ರ ಆಗಾಗ್ಗೆ ಹೊಟ್ಟು ತೆಗೆಸಿ ಬೀಸಿಸಬೇಕು. ಹಾರಕವನ್ನು ತೇವವಿರುವಾಗ ಕೂಡಿಟ್ಟರೆ ಬೂಷ್ಟು ಹಿಡಿದು ವಿಷವಾಗುವುದುಂಟು. ಅಂತಹ ಕಾಳನ್ನು ಮನುಷ್ಯರಿಗಾಗಲಿ ದನಗಳಿಗಾಗಲಿ ಕೊಡಕೂಡದು.

ಮೂರನೆಯದು, ಆರೋಗ್ಯದ ವಿಷಯ. ಸಿರಿಧಾನ್ಯದಿಂದ ಮಾಡಿದ ಮಾತ್ರಕ್ಕೆ ಸಿಹಿಯು ಸಿಹಿಯಲ್ಲದೆ ಹೋಗದು. ಬೆಲ್ಲವು ಸಕ್ಕರೆಯಂತೆಯೇ ರಕ್ತದಲ್ಲಿ ಸಕ್ಕರೆಯನ್ನು ಏರಿಸುವುದು. ಮಧುಮೇಹವುಳ್ಳವರು ಹಬ್ಬದ ದಿನವೂ ಮಿತವನ್ನು ತಪ್ಪಕೂಡದು.

ಗ್ರಾಮಪ್ರಮುಖರ ಕರ್ತವ್ಯ

ಈ ಕಾರ್ಯವು ಅಡಿಗೆಯ ಮನೆಯದೆಂದು ಗ್ರಾಮದ ಹಿರಿಯರು ಕೈಕಟ್ಟಿ ಕುಳಿತರೆ ಅದು ನಡೆಯಲಾರದು. ನವಣೆಯು ಎಂಭತ್ತರಿಂದ ತೊಂಭತ್ತು ದಿನಗಳಲ್ಲಿ ಕೊಯ್ಲಿಗೆ ಬರುವ ಬೆಳೆ. ಆರಿದ್ರಾ ಮಳೆಗೆ ಬಿತ್ತಿದರೆ ಸಾಧಾರಣವಾಗಿ ನವರಾತ್ರಿ ದೀಪಾವಳಿಗಳ ವೇಳೆಗೆ ಹೊಸ ಕಾಳು ಕೈಸೇರುವುದು. ಎಕರೆಗೆ ಮೂರು ನಾಲ್ಕು ಕಿಲೋ ಬೀಜ ಸಾಕು. ಕಡಿಮೆ ಮಳೆಯ ವರ್ಷದಲ್ಲಿಯೂ ಅಷ್ಟಿಷ್ಟು ಕಾಳನ್ನೂ ದನಗಳಿಗೆ ಮೇವನ್ನೂ ಕೊಡುವ ಬೆಳೆಯನ್ನು ಒಂದು ತುಂಡು ಭೂಮಿಯಲ್ಲಾದರೂ ಉಳಿಸಿಕೊಳ್ಳುವುದು ವಿವೇಕ. ಹೀಗೆ ಬೆಳೆದವನಿಗೆ ಕೊಳ್ಳುವವರಿಲ್ಲವೆಂಬ ಭಯವಿರಕೂಡದು. ಆ ಭಯವನ್ನು ನೀಗಿಸಬಲ್ಲ ಮೊದಲ ಗಿರಾಕಿಯು ಸ್ವಗ್ರಾಮವೇ. ಜಾತ್ರೆಯ ಪ್ರಸಾದ, ಮದುವೆಯ ಊಟ, ಶಾಲೆಯ ಹಬ್ಬಗಳಲ್ಲಿ ಒಂದು ಭಕ್ಷ್ಯವು ಊರಿನ ನವಣೆಯದಾಗಲಿ, ಸಾಮೆಯದಾಗಲಿ ಎಂದು ಹಿರಿಯರು ನಿಶ್ಚಯಿಸಿದರೆ, ಹತ್ತು ಮನೆಗಳು ಅದನ್ನು ಅನುಸರಿಸುವುವು. ಶ್ರೀಮಂತರ ಮನೆಯ ಎಡೆಯಲ್ಲಿ ಬಂದುದನ್ನು ಬಡವರ ಧಾನ್ಯವೆಂದು ಯಾರೂ ಜರೆಯಲಾರರು.

ರಾಗಿಗೆ ಹೊಟ್ಟು ತೆಗೆಯುವ ಕೆಲಸವಿಲ್ಲ. ಉಳಿದ ಕಿರುಧಾನ್ಯಗಳಿಗೆ ಇದೇ ದೊಡ್ಡ ತೊಡಕು. ಸಹಕಾರ ಸಂಘದ ಮೂಲಕವಾಗಲಿ, ಕೆಲವು ಮನೆಯವರು ಕೂಡಿಯಾಗಲಿ ಒಂದು ಸಣ್ಣ ಹೊಟ್ಟು ತೆಗೆಯುವ ಯಂತ್ರವನ್ನು ಗ್ರಾಮಕ್ಕೆ ಒದಗಿಸಿದರೆ ಹೆಂಗಸರ ಒರಳಿನ ಶ್ರಮವು ತಪ್ಪುವುದು. ಆ ಶ್ರಮವನ್ನು ತಪ್ಪಿಸದೆ ಹಳೆಯ ಧಾನ್ಯವನ್ನು ಮರಳಿ ಉಣ್ಣಬೇಕೆಂದು ಬೋಧಿಸುವುದು ನ್ಯಾಯವಲ್ಲ. ಇದರೊಡನೆ ಪ್ರತಿ ಸುಗ್ಗಿಯಲ್ಲಿಯೂ ಕಲಬೆರಕೆಯಿಲ್ಲದ ತೆನೆಗಳನ್ನು ಆರಿಸಿ, ಒಣಗಿಸಿ, ಬೇವಿನ ಸೊಪ್ಪಿನೊಡನೆ ಬೀಜಕ್ಕೆಂದು ಬೇರೆಯಾಗಿ ಇರಿಸತಕ್ಕುದು.

ಬರುವ ಹಬ್ಬಕ್ಕೆ ಎಲ್ಲವನ್ನೂ ಒಮ್ಮೆಲೇ ಬದಲಿಸುವ ಅಗತ್ಯವಿಲ್ಲ. ಎಡೆಯಲ್ಲಿ ಒಂದು ಭಕ್ಷ್ಯ, ಹೊಲದಲ್ಲಿ ಒಂದು ತುಂಡು, ಕಣಜದಲ್ಲಿ ಒಂದು ಗಡಿಗೆ ಬೀಜ, ಇಷ್ಟರಿಂದ ಆರಂಭಿಸಿದರೆ ಸಾಕು. ಮಳೆಯು ಕೈಕೊಟ್ಟ ವರ್ಷದಲ್ಲಿ ಆ ಗಡಿಗೆಯ ಬೆಲೆಯು ತಾನೇ ತಿಳಿಯುವುದು.