ಚಂಡಮಾರುತಕ್ಕೆ ಹೆಸರಿಡುವವರು ಯಾರು?



ತೌಕ್ತೆ, ಬಿಪರ್‌ಜಾಯ್, ಮೋಂತಾ... ಟಿ.ವಿ.ಯಲ್ಲಿ ಈ ಹೆಸರುಗಳನ್ನು ಕೇಳಿ "ಇದೆಂಥ ಹೆಸರು ಮಾರಾಯ್ರೆ" ಎಂದು ನಾವೆಲ್ಲ ನಕ್ಕದ್ದುಂಟು. ಈ ತಿಂಗಳ ಪಾಠದಲ್ಲಿ ಈ ಹೆಸರುಗಳು ಎಲ್ಲಿಂದ ಬರುತ್ತವೆ ಎಂದು ನೋಡೋಣ. ಯಾರು ಇಡುತ್ತಾರೆ ಎನ್ನುವುದಕ್ಕಿಂತ ಯಾವಾಗ ಇಡುತ್ತಾರೆ ಎನ್ನುವುದು ಮುಖ್ಯ. ಕಡಲಿಗೆ ಹೋಗುವವರಿರುವ ಮನೆಗೆ ಅದು ಜೀವದ ಪ್ರಶ್ನೆ.

ಹಿಂದೆ ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ ಬಿರುಗಾಳಿ ಬಂದ ದಿನ ಯಾವ ಸಂತರ ಹಬ್ಬವೋ ಆ ಸಂತರ ಹೆಸರನ್ನೇ ಅದಕ್ಕೆ ಇಡುತ್ತಿದ್ದರು. ಪೋರ್ಟೊ ರಿಕೊ ದ್ವೀಪದಲ್ಲಿ 1825ರ ಜುಲೈ 26ರಂದು ಬೀಸಿದ ಗಾಳಿ 'ಸಾಂತಾ ಆನಾ' ಆಯಿತು. ಅಂದು ಮಾತೆ ಮರಿಯಮ್ಮನವರ ತಾಯಿ ಸಂತ ಅನ್ನಮ್ಮನವರ ಹಬ್ಬ. ಅದೇ ದ್ವೀಪಕ್ಕೆ 1876ರಲ್ಲೂ 1928ರಲ್ಲೂ ಸೆಪ್ಟೆಂಬರ್ 13ರಂದೇ ಬಿರುಗಾಳಿ ಬಡಿಯಿತು. ಎರಡಕ್ಕೂ 'ಸಾನ್ ಫೆಲಿಪೆ' ಎಂದೇ ಹೆಸರಾಗಿ, ಕಡೆಗೆ ಮೊದಲನೆಯದು, ಎರಡನೆಯದು ಎಂದು ಲೆಕ್ಕ ಹೇಳಬೇಕಾಯಿತು.

ಅಮೆರಿಕದ ಹವಾಮಾನ ಕಚೇರಿ 1953ರಿಂದ ಬಿರುಗಾಳಿಗಳಿಗೆ ಬರೀ ಹೆಂಗಸರ ಹೆಸರನ್ನೇ ಇಡತೊಡಗಿತು. ಮನೆ ಮುರಿಯುವುದು, ಊರು ಹಾಳು ಮಾಡುವುದು ಎಂದರೆ ಹೆಣ್ಣೇ ಎಂಬ ಹಾಗೆ! ಫ್ಲೋರಿಡಾದ ರಾಕ್ಸಿ ಬೋಲ್ಟನ್ ಎಂಬ ಮಹಿಳೆ ಇದನ್ನು ಪ್ರಶ್ನಿಸಿದರು. ನಮ್ಮ ಹೆಸರು ವಿನಾಶಕ್ಕೆ ಯಾಕೆ ಎಂಬುದು ಅವರ ವಾದ. ಅಧಿಕಾರಿಗಳು ಸುಲಭಕ್ಕೆ ಒಪ್ಪಲಿಲ್ಲ, ಅವರೂ ಬಿಡಲಿಲ್ಲ. ಅವರಂತೆಯೇ ಇತರ ಮಹಿಳೆಯರೂ ದನಿ ಎತ್ತಿದರು. ಕೊನೆಗೆ 1979ರಿಂದ ಅಟ್ಲಾಂಟಿಕ್ ಸಾಗರದಲ್ಲಿ ಒಂದು ಹೆಣ್ಣಿನ ಹೆಸರಾದರೆ ಮುಂದಿನದು ಗಂಡಿನ ಹೆಸರು ಎಂದಾಯಿತು.

ಇನ್ನು ನಮ್ಮ ಕಡಲಿಗೆ ಬರೋಣ. ಅರಬ್ಬೀ ಸಮುದ್ರ ಮತ್ತು ಬಂಗಾಳ ಕೊಲ್ಲಿಯ ಚಂಡಮಾರುತಗಳಿಗೆ 2004ರವರೆಗೆ ಹೀಗೆ ಹೆಸರಿಡುವ ಪದ್ಧತಿ ಇರಲಿಲ್ಲ. 1999ರಲ್ಲಿ ಒಡಿಶಾದಲ್ಲಿ ಹತ್ತು ಸಾವಿರದಷ್ಟು ಜನರನ್ನು ಬಲಿ ತೆಗೆದುಕೊಂಡ ಚಂಡಮಾರುತಕ್ಕೂ ಹೆಸರಿಲ್ಲ. 2004ರಲ್ಲಿ ಭಾರತ, ಬಾಂಗ್ಲಾದೇಶ, ಶ್ರೀಲಂಕಾ ಸೇರಿ ಎಂಟು ದೇಶಗಳು ತಲಾ 8ರಂತೆ 64 ಹೆಸರು ಕೊಟ್ಟವು. 'ಒನಿಲ್' ಮೊದಲನೆಯದು, 2020ರ ಮೇ ತಿಂಗಳ 'ಅಂಫಾನ್' ಕೊನೆಯದು. 2020ರಲ್ಲಿ 13 ದೇಶಗಳು ತಲಾ 13ರಂತೆ 169 ಹೆಸರಿನ ಹೊಸ ಪಟ್ಟಿ ಮಾಡಿದವು. ಹೆಸರು ಕೊಡುವುದು ಆ ದೇಶಗಳು, ಸರದಿ ಪ್ರಕಾರ ಇಡುವುದು ದೆಹಲಿಯಲ್ಲಿರುವ ನಮ್ಮ ಹವಾಮಾನ ಇಲಾಖೆ. ಒಮ್ಮೆ ಇಟ್ಟ ಹೆಸರನ್ನು ಮತ್ತೆ ಇಡುವುದಿಲ್ಲ.

ಹೆಸರು ಚಿಕ್ಕದಿರಬೇಕು, ಹೇಳಲು ಸುಲಭವಿರಬೇಕು, ಯಾವ ಧರ್ಮಕ್ಕೂ ಪಕ್ಷಕ್ಕೂ ಸೇರಿರಬಾರದು, ಯಾರ ಮನಸ್ಸನ್ನೂ ನೋಯಿಸಬಾರದು. 2013ರಲ್ಲಿ ಶ್ರೀಲಂಕಾ ಕೊಟ್ಟಿದ್ದ 'ಮಹಾಸೇನ್' ಎಂಬ ಹೆಸರಿಗೆ ಅಲ್ಲಿಯ ಜನರೇ ಆಕ್ಷೇಪ ಎತ್ತಿದರು. ಅದು ಅವರ ಹಳೆಯ ರಾಜನೊಬ್ಬನ ಹೆಸರು. ಅದನ್ನು ಬಿಟ್ಟು 'ವಿಯಾರು' ಎಂದು ಬದಲಿಸಿದರು. 'ತೌಕ್ತೆ' ಮ್ಯಾನ್ಮಾರ್ ಕೊಟ್ಟ ಹೆಸರು, ದೊಡ್ಡದಾಗಿ ಕೂಗುವ ಒಂದು ಜಾತಿಯ ಹಲ್ಲಿ. ಪಾಕಿಸ್ತಾನದ್ದು 'ಗುಲಾಬ್', ಅಂದರೆ ಗುಲಾಬಿ. ಭಾರತದ ಪಟ್ಟಿಯಲ್ಲಿ 'ನೀರ್' ಎಂಬ ಹೆಸರೂ ಇದೆ. ಅದಕ್ಕೆ ಅರ್ಥ ಹೇಳುವುದು ಬೇಡ!

ಈಗ ಮುಖ್ಯ ವಿಷಯ. ಗಾಳಿಯ ವೇಗ ಗಂಟೆಗೆ 62 ಕಿ.ಮೀ. ಮುಟ್ಟಿದ ಮೇಲೆಯೇ ಹೆಸರು ಇಡುವುದು. ಅದಕ್ಕೂ ಮೊದಲು ಅದು ಬರೀ 'ವಾಯುಭಾರ ಕುಸಿತ'. ಆದರೆ 50 ಕಿ.ಮೀ. ಗಾಳಿಗೂ ನಾಡದೋಣಿ ಮಗುಚಬಹುದಲ್ಲವೇ? 2017ರ ನವೆಂಬರ್ 30ರಂದು ಕನ್ಯಾಕುಮಾರಿಯ ದಕ್ಷಿಣಕ್ಕೆ 'ಓಖಿ' ಚಂಡಮಾರುತವಾಗಿ ಹೆಸರು ಪಡೆಯಿತು. ಹಿಂದಿನ ದಿನ ಅದು ವಾಯುಭಾರ ಕುಸಿತವಾಗಿತ್ತಷ್ಟೆ. ಹೆಸರು ಬರುವ ಹೊತ್ತಿಗೆ ಕೇರಳ, ತಮಿಳುನಾಡಿನ ಎಷ್ಟೋ ದೋಣಿಗಳು ಆಳ ಸಮುದ್ರದಲ್ಲಿದ್ದವು. ನೂರಾರು ಮೀನುಗಾರರು ಮನೆಗೆ ಮರಳಲಿಲ್ಲ. ತಿರುವನಂತಪುರ, ಕನ್ಯಾಕುಮಾರಿ ಕಡಲತೀರದ ಎಷ್ಟೋ ಧರ್ಮಕೇಂದ್ರಗಳಲ್ಲಿ ಮನೆಗಳು ದುಡಿಯುವವರನ್ನು ಕಳೆದುಕೊಂಡವು.

ಹಾಗೆಯೇ ಚಂಡಮಾರುತ ನಮ್ಮ ದಡಕ್ಕೆ ಅಪ್ಪಳಿಸಿದರೆ ಮಾತ್ರ ಅಪಾಯ ಎಂದೂ ಎಣಿಸಬಾರದು. 2021ರ ಮೇ ತಿಂಗಳಲ್ಲಿ ತೌಕ್ತೆ ದಡ ಸೇರಿದ್ದು ಗುಜರಾತಿನಲ್ಲಿ. ಆದರೂ ನಮ್ಮ ಕರಾವಳಿಯಲ್ಲಿ ಕಡಲು ಉಕ್ಕಿ ಮನೆ, ರಸ್ತೆ, ತೆಂಗಿನ ಮರಗಳನ್ನು ಎಳೆದುಕೊಂಡಿತು. ಕಾಪು ಬಳಿ ಬಂಡೆಗೆ ಸಿಕ್ಕಿಬಿದ್ದ ಟಗ್‌ನಲ್ಲಿದ್ದ 9 ಮಂದಿಯನ್ನು ಕೋಸ್ಟ್ ಗಾರ್ಡ್ ಮತ್ತು ನೌಕಾಪಡೆಯವರು ಪಾರು ಮಾಡಿದರು.

ಆದ್ದರಿಂದ 'ಮೀನುಗಾರರು ಕಡಲಿಗೆ ಇಳಿಯಬಾರದು' ಎಂಬ ಸೂಚನೆ ಬಂದರೆ ಹೆಸರು ಬಂತೋ ಇಲ್ಲವೋ ಎಂದು ಕಾಯುವುದು ಬೇಡ. ಹಳದಿಗಿಂತ ಕಿತ್ತಳೆ, ಕಿತ್ತಳೆಗಿಂತ ಕೆಂಪು ಎಚ್ಚರಿಕೆ ದೊಡ್ಡದು. ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಯ ನಂಬರ್ 1077. ಸಂಘದ ಪುಸ್ತಕದ ರಟ್ಟಿನ ಒಳಗಡೆ ಅದನ್ನು ಬರೆದಿಡಿ. ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಸಂಘದ ಲೆಕ್ಕದ ಪುಸ್ತಕಗಳನ್ನು ನೀರು ಹೋಗದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವುದನ್ನು ಮಳೆಗಾಲಕ್ಕೆ ಮುಂಚೆಯೇ ಮಾಡಬಹುದು.

ಸಭೆಯಲ್ಲಿ ಚರ್ಚಿಸಿ: ನಮ್ಮ ಸಂಘದಲ್ಲಿ ಯಾರ ಮನೆಯವರು ಕಡಲಿಗೆ ಹೋಗುತ್ತಾರೆ? ರಾತ್ರಿ ಎಚ್ಚರಿಕೆ ಬಂದರೆ ಫೋನ್ ಇಲ್ಲದ ಮನೆಗೆ ಸುದ್ದಿ ಮುಟ್ಟಿಸುವವರು ಯಾರು? ಅವರ ಹೆಸರನ್ನು ನಿರ್ಣಯ ಪುಸ್ತಕದಲ್ಲಿ ಬರೆದು, ಮುಂದಿನ ಒಕ್ಕೂಟದ ಸಭೆಗೆ ತನ್ನಿ.