ಬೇಟೆಯ ಕತ್ತಿ ಹೇಗಿರಬೇಕು?

ಬೇಟೆಯ ಕತ್ತಿಯೆಂದರೆ ಪ್ರಾಣಿಯನ್ನು ಇರಿಯುವ ಆಯುಧವೆಂದು ಅನೇಕರು ತಿಳಿದಿರುವರು. ವಾಸ್ತವವಾಗಿ ಅದರ ಕೆಲಸ ಬೇಟೆ ಮುಗಿದ ಮೇಲೆ ಆರಂಭವಾಗುವುದು: ಚರ್ಮ ಸುಲಿಯುವುದು, ಮಾಂಸ ಬಿಡಿಸುವುದು, ಹಗ್ಗ ಕೊಯ್ಯುವುದು. ಇದನ್ನು ಮರೆತು ಮಾಡಿದ ಕತ್ತಿ ಹಿಡಿದವನ ಕೈಯನ್ನೇ ಕೊಯ್ಯುತ್ತದೆ.

ನಮ್ಮ ತಂದೆಯವರು ಮಲೆನಾಡಿನಲ್ಲಿ ಬಳಸಿದ ಕತ್ತಿ ನಮ್ಮಲ್ಲಿದೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ೧೯೯೧ರ ತಿದ್ದುಪಡಿಯೂ ಬಂದು ಬೇಟೆ ನಿಂತಿತು, ನಿಲ್ಲಬೇಕಾದುದೇ. ಕತ್ತಿಗೆ ಮಾತ್ರ ಬಿಡುವು ದೊರೆಯಲಿಲ್ಲ. ರಜೆಯಲ್ಲಿ ಊರಿಗೆ ಹೋದಾಗಲೆಲ್ಲ ಕುರಿ ಸುಲಿಯಲು, ಬಳ್ಳಿ ಸವರಲು, ಬಾಳೆಪಟ್ಟೆ ಸೀಳಲು ಅದನ್ನೇ ಹಿಡಿಯುತ್ತೇವೆ. ನಾಲ್ವತ್ತು ವರ್ಷಗಳ ಒಡನಾಟದಿಂದ ತಿಳಿದುದು ಇಷ್ಟು.

ಮೊದಲು ಹಿಡಿ. ಕೊಳ್ಳುವವನು ಅಲಗನ್ನು ನೋಡುತ್ತಾನೆ, ದುಡಿಯುವವನು ಹಿಡಿಯನ್ನು ನೋಡುತ್ತಾನೆ. ನಮ್ಮ ಕತ್ತಿಯ ಹಿಡಿ ದುಂಡು, ನುಣುಪು. ಅಲಗಿಗೂ ಹಿಡಿಗೂ ನಡುವೆ ತಡೆಯಿಲ್ಲ. ಒಂದು ಹಬ್ಬದ ದಿನ ಕುರಿಯ ಕೊಬ್ಬು ತಗಲಿ ಕೈ ಜಾರಿತು, ತೋರುಬೆರಳು ಅಲಗಿನ ಮೇಲೆ ಹರಿಯಿತು. ಬೆರಳನ್ನು ಮಡಿಸುವ ನರವೇ ತುಂಡಾಗಿತ್ತು. ವೈದ್ಯರು ಹೊಲಿದರು, ಆದರೂ ಆ ಬೆರಳು ಇಂದಿಗೂ ಪೂರ್ತಿ ಮಡಿಯದು, ಲೇಖನಿ ಹಿಡಿದಾಗಲೆಲ್ಲ ನೆನಪು ಮಾಡುತ್ತದೆ. ಹಿಡಿಯ ಮುಂದುಗಡೆ, ಬಾಯಿಯ ಕಡೆಗೆ, ಅರ್ಧ ಅಂಗುಲದ ಒಂದು ಉಬ್ಬು ಇದ್ದಿದ್ದರೆ ಸಾಕಾಗಿತ್ತು. ಬೆನ್ನಿನ ಕಡೆ ಅದು ಬೇಡ, ಅಲ್ಲಿ ಹೆಬ್ಬೆರಳಿಗೆ ಜಾಗ ಬೇಕು. ಹಿಡಿ ಮೊಟ್ಟೆಯಾಕಾರವಾಗಿದ್ದರೆ ಕತ್ತಲಲ್ಲಿಯೂ ಬಾಯಿ ಯಾವ ಕಡೆಗಿದೆಯೆಂದು ಕೈಗೆ ತಿಳಿಯುತ್ತದೆ. ಬಣ್ಣ ಕೆಂಪಿದ್ದರೆ ಒಳಿತು. ತರಗೆಲೆಯಲ್ಲಿ ಬಿದ್ದ ಕಂದು ಹಿಡಿಯನ್ನು ಹುಡುಕಿದವರಿಗೆ ಕಾರಣ ಹೇಳಬೇಕಾಗಿಲ್ಲ.

ಊರ ಕುಲುಮೆಯಲ್ಲಿ ಅಲಗಿನ ಬಾಲವನ್ನು ಕಾಯಿಸಿ ಮರದೊಳಗೆ ಹೊಗಿಸುವ ರೂಢಿಯುಂಟು. ಮಳೆಗೆ ಮರ ಉಬ್ಬಿ, ಬೇಸಗೆಗೆ ಕುಗ್ಗಿ, ಹಿಡಿ ಅಲುಗಾಡತೊಡಗುತ್ತದೆ. ಬಾಲವು ಹಿಡಿಯಷ್ಟೇ ಅಗಲವಾಗಿ ಕೊನೆಯವರೆಗೂ ಬಂದು, ಎರಡು ಮಗ್ಗುಲಿಗೂ ಮರದ ಪಟ್ಟಿಯಿಟ್ಟು ರಿವೆಟ್ ಹೊಡೆದರೆ ಈ ಕಾಟವಿಲ್ಲ.

ಅಲಗು ನಾಲ್ಕು ಅಂಗುಲ ಸಾಕು. ಅಂಗಡಿಯವರು ತೋರಿಸುವ ಹತ್ತಂಗುಲದ, ಬೆನ್ನಿಗೆ ಗರಗಸದ ಹಲ್ಲಿರುವ ಕತ್ತಿ ಗೋಡೆಗೆ ನೇತುಹಾಕಲು ಚೆನ್ನ. ಮೇಲಕ್ಕೆದ್ದ ಚೂಪು ಮೊನೆ ಹೊಟ್ಟೆ ಸೀಳುವಾಗ ಕರುಳನ್ನು ಚುಚ್ಚಿ ಮಾಂಸವನ್ನೆಲ್ಲ ಕೆಡಿಸುತ್ತದೆ. ಬೆನ್ನು ಮೆಲ್ಲನೆ ಇಳಿದು ಮೊನೆಯನ್ನು ಸೇರಬೇಕು. ಅಮೆರಿಕದ ಕತ್ತಿಗಾರ ಬಾಬ್ ಲವ್‌ಲೆಸ್ ಪ್ರಚಾರಕ್ಕೆ ತಂದ ಆಕಾರವೂ ಇದೇ. ಕೊಡಗಿನ ಪೀಚೆಕತ್ತಿಯ ಬೆಳ್ಳಿಯ ಕೆಲಸ ಮದುವೆಯ ಉಡುಪಿಗೆ ಶೋಭೆ. ದುಡಿಯುವ ಕತ್ತಿಗೆ ಕೆತ್ತನೆ ಮಾಡಿದರೆ ಸಂದಿಯಲ್ಲಿ ಕೊಬ್ಬು ಸೇರಿ ನಾರುತ್ತದೆ.

ಉಕ್ಕಿನ ವಿಷಯದಲ್ಲಿ ನಮ್ಮ ಮನಸ್ಸು ಎರಡಾಗಿದೆ. ನೂರಕ್ಕೆ ಹತ್ತೂವರೆ ಪಾಲಾದರೂ ಕ್ರೋಮಿಯಂ ಬೆರೆತ ಸ್ಟೇನ್‌ಲೆಸ್ ಉಕ್ಕಿಗೆ ತುಕ್ಕು ಬೇಗ ಹಿಡಿಯದು. ಸಾದಾ ಉಕ್ಕಾದರೋ ಮನೆಯ ಸಾಣೆಕಲ್ಲಿಗೇ ಹರಿತವಾಗುತ್ತದೆ. ನಾವು ಸಾದಾ ಉಕ್ಕನ್ನೇ ಇಟ್ಟುಕೊಂಡು ಎಣ್ಣೆ ಸವರುತ್ತೇವೆ. ಚರ್ಮದ ಒರೆ ನೀರು ಕುಡಿಯುವುದರಿಂದ ಅದರ ತಳದಲ್ಲಿ ನೀರಿಳಿಯಲು ತೂತಿರಲಿ. ಹೊಲಿಗೆಯ ಒಳಗೆ ದಪ್ಪ ಚರ್ಮದ ಪಟ್ಟಿಯೊಂದಿರಲಿ, ಇಲ್ಲವಾದರೆ ಅಲಗು ದಾರವನ್ನು ಕೊಯ್ದು ತೊಡೆಗೆ ಬರುತ್ತದೆ.

ಕಳೆದ ಬೇಸಗೆಯಲ್ಲಿ ರಟ್ಟಿನಲ್ಲಿ ಆಕಾರ ಕತ್ತರಿಸಿ ಊರಿನ ಕಮ್ಮಾರರಿಗೆ ಕೊಟ್ಟೆವು. ಉಬ್ಬನ್ನು ಕಂಡು, “ಇದೇನು ಸ್ವಾಮಿ, ಮಕ್ಕಳ ಕತ್ತಿಯೇ?” ಎಂದರು. ನಾವು ಬೆರಳು ತೋರಿಸಿದೆವು. ಹದಿನೈದು ದಿನಗಳಲ್ಲಿ ಹೇಳಿದಂತೆಯೇ ಮಾಡಿಕೊಟ್ಟರು. ಒರೆ ಹೊಲಿದವರು ಮಾತ್ರ ತೂತನ್ನು ಮರೆತಿದ್ದರು. ಅದನ್ನು ಮೊಳೆ ಕಾಯಿಸಿ ನಾವೇ ತೆಗೆದೆವು.